ಕಾನ್ಸಾಸ್ ಬಯಲಲ್ಲಿ ಫ್ರೆಂಚರ ರೇಷ್ಮೆ

ಪ್ರಶ್ನೆ: ನಮ್ದು ರಾಮನಗರ ಕಡೆ ರೇಷ್ಮೆ ಹುಳ ಸಾಕೋ ಮನೆ, ಈಗ ಬೆಂಗ್ಳೂರಲ್ಲಿದೀನಿ. ಹಿಂದೆ ಒಬ್ರು ಫ್ರೆಂಚ್‌ನವ್ರು ಅಮೆರಿಕಾಕ್ಕೆ ಹೋಗಿ ಅಲ್ಲೊಂದು ರೇಷ್ಮೆ ಊರೇ ಕಟ್ಟಿದ್ರಂತೆ, ಹೌದಾ? ಯಾಕೆ ಉಳೀಲಿಲ್ಲ, ಹವಾ ಒಗ್ಗಲಿಲ್ವಾ?
— ಓದುಗರು, ವಿಜಯನಗರ

ಉತ್ತರ: ಹೌದು, ಅವ್ರ ಹೆಸರು ಅರ್ನೆಸ್ಟ್ ದ ಬ್ವಾಸಿಯೇರ್. ಬೋರ್ಡೋ ಕಡೆ ಶ್ರೀಮಂತರು, ಮೂರನೇ ನೆಪೋಲಿಯನ್ ಆಳ್ವಿಕೆ ಒಪ್ಪದೆ ದೇಶ ಬಿಟ್ಟವ್ರು. 1869ರಲ್ಲಿ ಕಾನ್ಸಾಸ್‌ನ ಫ್ರಾಂಕ್ಲಿನ್ ಕೌಂಟೀಲಿ ಸುಮಾರು 3,500 ಎಕರೆ ಕೊಂಡ್ರು. (ಒಟಾವಾ ಮೊದಲಾದ ಮೂಲನಿವಾಸಿಗಳನ್ನ ಎಬ್ಬಿಸಿ ಕಳಿಸಿದ್ದ ಸೀಮೆ ಅದು, ಈ ಕಥೆ ಹೇಳೋರು ಅದನ್ನ ಬಿಡಬಾರ್ದು.) ಎಲ್ರೂ ಒಟ್ಟಿಗಿದ್ದು ದುಡಿದು ಲಾಭ ಹಂಚ್ಕೊಳ್ಳೋ ಊರು ಮಾಡ್ಬೇಕು ಅನ್ನೋದು ಅವ್ರಾಸೆ, ಅದಕ್ಕೇ ಕಲ್ಲಿನ ದೊಡ್ಡ ಮನೆ, ಲೈಬ್ರರಿ ಎಲ್ಲಾ ಕಟ್ಟಿಸಿದ್ರು, ಊರಿಗೆ ಸಿಲ್ಕ್‌ವಿಲ್ ಅಂತಾನೇ ಹೆಸರಾಯ್ತು.

ಹವಾ ತೊಂದ್ರೆ ಕೊಡ್ಲಿಲ್ಲ ಕಣ್ರೀ. ಹಿಪ್ಪುನೇರಳೆ ಬಂತು, ಹುಳಾನೂ ಬದುಕ್ತು. ಆಗ ಫ್ರಾನ್ಸಲ್ಲಿ ಗಂಟುರೋಗ ಬಂದು ಹುಳಗಳೇ ನಾಶ ಆಗಿದ್ವು, ಪಾಶ್ಚರ್ ಕೂತು ಸ್ಟಡಿ ಮಾಡಿದ್ದು ಇದೇ ರೋಗಾನ, ಹಾಗಾಗಿ ಇವ್ರು ಮೊಟ್ಟೆ ತರಿಸಿದ್ದು ಜಪಾನಿಂದ. 1876ರ ಫಿಲಡೆಲ್ಫಿಯಾ ಎಕ್ಸಿಬಿಷನ್‌ನಲ್ಲಿ ಅವ್ರ ರೇಷ್ಮೆ ಇಟ್ಟಿದ್ರು, ಮೆಚ್ಚುಗೆನೂ ಸಿಕ್ತು.

ಸೋತಿದ್ದು ಕೂಲೀಲಿ. ನಿಮಗೆ ಗೊತ್ತಿರೋದೇ, ಸೊಪ್ಪು ಕೊಯ್ಯೋದು, ಹೊತ್ತೊತ್ತಿಗೆ ಹಾಕೋದು, ಹುಳ ಜ್ವರಕ್ಕೆ ಕೂತಾಗ (ಮೇವು ಬಿಟ್ಟು ಪೊರೆ ಕಳಚೋ ಹೊತ್ತಲ್ಲಿ) ನೋಡ್ಕೊಳ್ಳೋದು, ಹಣ್ಣಾದ್ಮೇಲೆ, ಅಂದ್ರೆ ಗೂಡು ಕಟ್ಟೋಕೆ ರೆಡಿಯಾದ್ಮೇಲೆ, ಚಂದ್ರಂಕಿಗೆ (ಗೂಡು ಕಟ್ಟಿಸೋ ಬಿದಿರಿನ ತಟ್ಟೆಗೆ) ಬಿಡೋದು, ಆಮೇಲೆ ನೂಲು ಬಿಚ್ಚೋದು, ಎಲ್ಲಾ ಕೈಕೆಲಸ. ಫ್ರಾನ್ಸ್, ಇಟಲಿ, ಜಪಾನಲ್ಲಿ ಈ ದುಡಿಮೆ ಬಹಳಷ್ಟು ಮನೆ ಹೆಂಗಸರು ಮಕ್ಕಳದ್ದು, ಅವ್ರಿಗೆ ಯಾರೂ ಕೂಲಿ ಲೆಕ್ಕ ಹಾಕ್ತಿರ್ಲಿಲ್ಲ, ನಮ್ ಕಡೆನೂ ಹಾಕಿದ್ದು ಕಮ್ಮೀನೇ. ಅಮೆರಿಕಾದಲ್ಲಿ ಅದು ನಡೀಲಿಲ್ಲ, ಫ್ರಾನ್ಸಿಂದ ಖರ್ಚು ಹಾಕಿ ಕರೆಸಿದ ಕೆಲಸಗಾರರೇ ಬೇರೆ ಕಡೆ ಜಾಸ್ತಿ ಸಂಬಳ ಅಂತ ಹೊರಟ್ರು, ಇಲ್ಲಾ ಸ್ವಂತ ಹೊಲ ಹಿಡಿದ್ರು. 1862ರ ಕಾಯ್ದೇಲಿ 160 ಎಕರೆ ಸರ್ಕಾರಿ ಜಮೀನು ಐದು ವರ್ಷ ಉಳುಮೆ ಮಾಡ್ಕೊಂಡಿದ್ರೆ ಸ್ವಂತಕ್ಕೇ ಸಿಗ್ತಿತ್ತು, ಅಂಥಾ ದೇಶದಲ್ಲಿ ಇನ್ನೊಬ್ರ ಹುಳಕ್ಕೆ ಸೊಪ್ಪು ಹಾಕ್ಕೊಂಡು ಯಾರಿರ್ತಾರೆ ಹೇಳಿ? ಅವ್ರು ಹೋಗಿದ್ದು ಸರೀನೇ ಅಂತೀನಿ ನಾನು.

1880ರ ದಶಕದಲ್ಲಿ ರೇಷ್ಮೆ ಕೈಬಿಟ್ಟು ದನ, ಬೆಣ್ಣೆ, ಚೀಸ್ ಕಡೆ ತಿರುಗಿದ್ರು. 1892ರಲ್ಲಿ ಆಸ್ತೀನ ಅನಾಥ ಮಕ್ಕಳ ಆಶ್ರಮಕ್ಕೆ ಬರ್ದುಕೊಟ್ಟು ಫ್ರಾನ್ಸಿಗೆ ವಾಪಸ್ ಹೋದ್ರು, 1894ರಲ್ಲಿ ತೀರ್ಕೊಂಡ್ರು.