ಹೊರಟೆವು, ತಲುಪಿದೆವು: ನಡುವಿನ ರಸ್ತೆ ಎಲ್ಲಿ ಹೋಯಿತು?

ಪ್ರಿಯ ತಮ್ಮ,

ಊರು ಆಳಂದ, ಕೆಲಸ ಮಾರಿಷಸ್‌ನಲ್ಲಿ ಎಂದು ಬರೆದಿದ್ದೀರಿ. ನಮ್ಮ ಕಡೆಯ ಹುಡುಗ ಅಂತ ಸಲಿಗೆಯಿಂದ ತಮ್ಮ ಎಂದೆ. ಮುಂದೆ ಓದುತ್ತಾ ಈ ಸಲಿಗೆ ಜಾಸ್ತಿ ಆಯಿತು ಅನ್ನಿಸಬಹುದು. ಸ್ವಲ್ಪ ತಡೆದುಕೊಳ್ಳಿ.

‘ಏಳು ದಿನದಲ್ಲಿ ರಿಯೂನಿಯನ್: ಕಾರಿನಲ್ಲಿ ದ್ವೀಪ ಪ್ರದಕ್ಷಿಣೆ’ ಎಂಬ ನಿಮ್ಮ ಲೇಖನ ನಮ್ಮ ಪತ್ರಿಕೆಗೆ ಬಂದು ಮೂರು ವಾರ ಆಯಿತು. ಹನ್ನೊಂದು ಪುಟ. ಕಾಗುಣಿತದ ತಪ್ಪಿಲ್ಲ. ಖರ್ಚಿನ ಲೆಕ್ಕ ಪ್ರಾಮಾಣಿಕವಾಗಿದೆ. ಫೋಟೋಗಳು ಚೆನ್ನಾಗಿವೆ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಬೇರೆ ಪ್ರವಾಸ ಲೇಖನ ಆಗಿದ್ದರೆ ‘ಸ್ಥಳಾವಕಾಶವಿಲ್ಲ’ ಎಂದು ಎರಡು ಸಾಲು ಬರೆದು ವಾಪಸ್ ಕಳಿಸುತ್ತಿದ್ದೆ. ಇದನ್ನು ಕಳಿಸಲು ಮನಸ್ಸಾಗಲಿಲ್ಲ. ಒಂಬತ್ತನೇ ಪುಟದಲ್ಲಿ ಒಂದು ಸಾಲು ಇದೆ. ಅದನ್ನು ಓದಿದ ಮೇಲೆ ಎರಡು ರಾತ್ರಿ ನಕ್ಷೆ ಹರಡಿಕೊಂಡು ಕೂತಿದ್ದೇನೆ. ನಾನು ಆ ದ್ವೀಪ ನೋಡಿದವನಲ್ಲ, ನೋಡುವವನೂ ಅಲ್ಲ. ಆದರೂ ಕೂತೆ. ಆ ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು ಸಿಟ್ಟು ತೀರಿಸಿಕೊಳ್ಳುತ್ತೇನೆ.

ನಿಮ್ಮ ಮೊದಲ ವಾಕ್ಯ: ‘ಹಿಂದೂ ಮಹಾಸಾಗರದ ನೀಲಿ ಮಡಿಲಲ್ಲಿ ಹಚ್ಚ ಹಸಿರು ಸೀರೆಯುಟ್ಟು ಮಲಗಿರುವ ಸುಂದರಿಯೇ ರಿಯೂನಿಯನ್.’

ಮಡಿಲು, ಸೀರೆ, ಸುಂದರಿ. ಮೂರೂ ಬಾಡಿಗೆ ಸಾಮಾನು. ಮದುವೆಗೆ ಪೆಂಡಾಲು ತರಿಸಿದ ಹಾಗೆ ತರಿಸಿದ್ದೀರಿ. ನಾಳೆ ಇದೇ ಪೆಂಡಾಲು ಕೊಡಗಿಗೆ ಹೋಗುತ್ತದೆ, ನಾಡಿದ್ದು ಕೇರಳಕ್ಕೆ. ನಾನು ಕೇಳುವುದು ಇಷ್ಟೇ. ಆ ಸೀರೆ ದ್ವೀಪದ ಯಾವ ಮಗ್ಗುಲಲ್ಲಿದೆ? ಅಲ್ಲಿ ಗಾಳಿ ಆಗ್ನೇಯದಿಂದ ಬೀಸುತ್ತದೆ. ಮೋಡಗಳು ಬಂದು 3,070 ಮೀಟರ್ ಎತ್ತರದ ಪಿಟೋನ್ ದೆ ನೇಜ್ ಬೆಟ್ಟದ ಸಾಲಿಗೆ ಗುದ್ದುತ್ತವೆ. ಪೂರ್ವದ ಮಗ್ಗುಲು ವರ್ಷವಿಡೀ ತೋಯುತ್ತದೆ. ಪಶ್ಚಿಮದಲ್ಲಿ ಸಾಂ ಪೋಲ್ ಕಡೆಯ ಹುಲ್ಲು ಒಣ ತಿಂಗಳಲ್ಲಿ ನಮ್ಮ ಮಡ್ಡಿಯ ಹುಲ್ಲಿನ ಹಾಗೇ ಹಳದಿ. ಇನ್ನು ಜ್ವಾಲಾಮುಖಿಗೆ ಹೋಗುವ ದಾರಿಯಲ್ಲಿ ಪ್ಲೇನ್ ದೆ ಸಾಬ್ಲ್ ದಾಟಿದ್ದೀರಲ್ಲ, ಅಂದರೆ ಮರಳ ಬಯಲು? ನಿಮ್ಮದೇ ಫೋಟೋ ಇದೆ. ಕಂದು ಬೂದಿ, ಕೆಂಪು ಕಲ್ಲು, ಹಸಿರಿನ ಸುಳಿವೇ ಇಲ್ಲ. ಅದರ ಕೆಳಗೂ ‘ಪ್ರಕೃತಿಮಾತೆಯ ಹಸಿರು ಸೆರಗು’ ಎಂದು ಬರೆದಿದ್ದೀರಿ. ಫೋಟೋ ತೆಗೆದವರು ನೀವು, ಅಡಿಬರಹ ಬರೆದವರು ಯಾರು?

ಹಸಿರು ಅಂದರೆ ಮಳೆ. ಮಳೆ ಅಂದರೆ ತಿಂಗಳು. ನೀವು ಯಾವ ತಿಂಗಳು ಹೋದಿರಿ? ಹನ್ನೊಂದು ಪುಟದಲ್ಲಿ ಎಲ್ಲೂ ಇಲ್ಲ. ಅದು ದಕ್ಷಿಣ ಗೋಳ. ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ಚಂಡಮಾರುತದ ಕಾಲ. 1966ರ ಜನವರಿಯಲ್ಲಿ ಫೋಕ್ ಫೋಕ್ ಎಂಬಲ್ಲಿ ಒಂದೇ ದಿನದಲ್ಲಿ, 24 ಗಂಟೆಯಲ್ಲಿ, 1,825 ಮಿಲಿಮೀಟರ್ ಮಳೆ ಸುರಿದಿತ್ತು. ನಮ್ಮ ಕಲಬುರಗಿಗೆ ಎರಡು ವರ್ಷ ಬಿದ್ದರೂ ಅಷ್ಟು ಆಗುವುದಿಲ್ಲ. ನಿಮ್ಮ ಲೇಖನ ಓದಿ ಯಾರಾದರೂ ಸಂಕ್ರಾಂತಿ ಮುಗಿಸಿಕೊಂಡು ಹೊರಟರೆ ಅವರ ಗತಿ ಏನು?

ಸರಿ, ಸೀರೆ ಮಡಚಿಡೋಣ. ನನಗೆ ನಿಜವಾಗಿ ಚುಚ್ಚಿದ್ದು ಬೇರೆ.

‘ಅಲ್ಲಿಂದ ಹೊರಟು’ ಎಂಬ ಮಾತು ನಿಮ್ಮ ಲೇಖನದಲ್ಲಿ ಹತ್ತೊಂಬತ್ತು ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ. ‘ತಲುಪಿದೆವು’ ಇಪ್ಪತ್ತೆರಡು ಸಲ. ಕಾರಿನಲ್ಲಿ ಸುತ್ತಿದ ಕಥೆ ಇದು. ಕಾರು ಮಾತ್ರ ಇಲ್ಲ. ಒಂದೊಂದೇ ನೋಡೋಣ.

‘ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರು ಪಡೆದು, ಅಲ್ಲಿಂದ ಹೊರಟು ಹೋಟೆಲ್ ತಲುಪಿದೆವು.’ ತಮ್ಮಾ, ನೀವು ಓಡಿಸಲು ಕಲಿತದ್ದು ಆಳಂದ ರಸ್ತೆಯಲ್ಲಿ, ಎಡಗಡೆ. ಮಾರಿಷಸ್‌ನಲ್ಲೂ ಎಡಗಡೆ. ರಿಯೂನಿಯನ್ 1946ರಿಂದ ಫ್ರಾನ್ಸಿನ ಒಂದು ಜಿಲ್ಲೆ ಇದ್ದ ಹಾಗೆ. ಅಲ್ಲಿ ಯೂರೋ ನಡೆಯುತ್ತದೆ, ಗಾಡಿ ಬಲಗಡೆ ಓಡುತ್ತದೆ. ಮುಕ್ಕಾಲು ಗಂಟೆ ವಿಮಾನದಲ್ಲಿ ಕೂತು ಇಳಿದರೆ ರಸ್ತೆಯೇ ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಟ್ಟಿದೆ. ಗೇರ್ ಹಾಕಲು ಎಡಗೈ ಚಾಚಿ ಬಾಗಿಲಿಗೆ ಹೊಡೆದುಕೊಳ್ಳಲಿಲ್ವಾ? ಮೊದಲ ವೃತ್ತದಲ್ಲಿ ಯಾವ ಕಡೆ ತಿರುಗಿದಿರಿ? ಪಕ್ಕದಲ್ಲಿ ಕೂತ ನಿಮ್ಮ ಹೆಂಡತಿ ಏನೆಂದರು? ಈ ಒಂದು ಗಂಟೆಯೇ ಒಂದು ಲೇಖನ. ಅದನ್ನು ಅರ್ಧ ಸಾಲಿನಲ್ಲಿ ಹೂತಿದ್ದೀರಿ.

‘ಮಾರನೇ ದಿನ ಸಾಂ ಲೂಯಿಯಿಂದ ಹೊರಟು ಸಿಲಾವೋಸ್ ತಲುಪಿದೆವು.’ ಕೆಳಗೆ ಪಟ್ಟಿಯಲ್ಲಿ ‘35 ಕಿ.ಮೀ.’ ಎಂದಿದೆ. ಕಲಬುರಗಿಯ ಓದುಗ ಇದನ್ನು ಹೇಗೆ ಓದುತ್ತಾನೆ? ಆಳಂದಕ್ಕಿಂತ ಹತ್ತಿರ, ನಾಷ್ಟಾ ಮಾಡಿ ಹೊರಟರೆ ಚಹಾ ಹೊತ್ತಿಗೆ ಮುಟ್ಟಬಹುದು ಅಂತ. ಆ ರಸ್ತೆಯಲ್ಲಿ ನಾನೂರಕ್ಕೂ ಹೆಚ್ಚು ತಿರುವುಗಳಿವೆ ಎಂದು ಲೋಕವೇ ಹೇಳುತ್ತದೆ. ಒಂದೇ ಗಾಡಿ ಹಿಡಿಸುವ ಸುರಂಗಗಳಿವೆ. ಎದುರಿನಿಂದ ಬಸ್ಸು ಬಂದರೆ ಯಾರೋ ಒಬ್ಬರು ಹಿಂದಕ್ಕೆ ಸರಿಯಬೇಕು. ನೀವು ಸರಿದಿರೋ, ಬಸ್ಸಿನವನು ಸರಿದನೋ? ಹಿಂದಿನ ಸೀಟಿನಲ್ಲಿದ್ದ ಗೆಳೆಯ ಎಷ್ಟನೇ ತಿರುವಿನಲ್ಲಿ ಗಾಡಿ ನಿಲ್ಲಿಸು ಎಂದ? ನಿಂಬೆಹಣ್ಣು ಒಯ್ದಿದ್ದಿರಾ?

ಪ್ರವಾಸದ ಯೋಜನೆ ಅಂದರೆ ಇದೇ ಅಲ್ವಾ? ದ್ವೀಪದ ಅಂಚಿನ ರಸ್ತೆ ಸುಮಾರು ಇನ್ನೂರು ಕಿಲೋಮೀಟರ್. ಹಟ ಹಿಡಿದರೆ ಒಂದೇ ದಿನದಲ್ಲಿ ಸುತ್ತಬಹುದು. ಹಾಗಿದ್ದರೆ ಏಳು ದಿನ ಯಾಕೆ ಬೇಕು? ಒಳಗಿನ ದಾರಿಗಳು ಹೆಚ್ಚಿನವು ಕುರುಡು ದಾರಿಗಳು. ಸಿಲಾವೋಸ್‌ಗೆ ಹತ್ತಿದರೆ ಅದೇ ದಾರಿಯಲ್ಲಿ ಇಳಿಯಬೇಕು. ಸಲಾಜಿ ಕಣಿವೆಗೂ ಅಷ್ಟೇ, ಜ್ವಾಲಾಮುಖಿಗೂ ಅಷ್ಟೇ. ಮಾಫಾತ್ ಕಣಿವೆಗಂತೂ ರಸ್ತೆಯೇ ಇಲ್ಲ. ನಡೆಯಬೇಕು, ಇಲ್ಲವೇ ಹೆಲಿಕಾಪ್ಟರ್. ಪ್ರದಕ್ಷಿಣೆ ಎಂದು ಹೆಸರಿಟ್ಟಿದ್ದೀರಿ, ಆದರೆ ನೀವು ಮಾಡಿದ್ದು ಒಂದೊಂದು ಓಣಿಯೊಳಗೂ ಹೋಗಿ ವಾಪಸ್ ಬರುವ ಕೆಲಸ. ಇದನ್ನು ಎರಡೇ ಸಾಲಲ್ಲಿ ಹೇಳಿದ್ದರೆ ನಿಮ್ಮ ಪಟ್ಟಿಯ ಕಿಲೋಮೀಟರುಗಳಿಗೆ ಅರ್ಥ ಬರುತ್ತಿತ್ತು.

ಒಂದು ಪಕ್ಕದ ಮಾತು. ಸಿಲಾವೋಸ್ ಹೆಸರುವಾಸಿ ಆಗಿರುವುದು ಅಲ್ಲಿ ಬೆಳೆಯುವ ಮಸೂರದ ಜಾತಿಯ ಕಾಳಿನಿಂದ. ಅನ್ನ, ಅದರ ಮೇಲೆ ಕಾಳು, ಪಕ್ಕದಲ್ಲಿ ಖಾರ. ಅಲ್ಲಿಯವರ ದಿನದ ಊಟ ಅದು. ತೊಗರಿ ಕಣಜದಿಂದ ಹೋದ ಮನುಷ್ಯ ಬೇಳೆ ಬೆಳೆಯುವ ಬೆಟ್ಟದಲ್ಲಿ ಎರಡು ದಿನ ಇದ್ದು ‘ಸ್ಥಳೀಯ ಖಾದ್ಯ ಸವಿದೆವು’ ಎಂದು ಬರೆಯುತ್ತಾನೆ! ಇದಕ್ಕೆ ನಾನು ಏನು ಹೇಳಲಿ.

ಈಗ ಆರನೇ ಪುಟ. ‘ಮಧ್ಯಾಹ್ನ ಊಟ ಮುಗಿಸಿ ಮೈದೋ ಶಿಖರ ತಲುಪಿದೆವು. ಮಾಫಾತ್ ಕಣಿವೆಯ ರುದ್ರರಮಣೀಯ ದೃಶ್ಯ ಕಣ್ಮನ ತಣಿಸಿತು.’ ಇಲ್ಲಿ ನನ್ನ ಪೆನ್ಸಿಲ್ ನಿಂತಿತು. ಮೈದೋ ಸುಮಾರು 2,200 ಮೀಟರ್ ಎತ್ತರ. ಬೆಳಗ್ಗೆ ಬೇಗ ಹೋದವರಿಗೆ ಕಣಿವೆ ಕಾಣುತ್ತದೆ. ಹತ್ತು ಗಂಟೆ ಆಗುವಷ್ಟರಲ್ಲಿ ಸಾಮಾನ್ಯವಾಗಿ ಮೋಡ ಮೇಲೇರಿ ಮುಚ್ಚುತ್ತದೆ. ಅದಕ್ಕೇ ಅಲ್ಲಿಗೆ ಹೋಗುವವರು ಕತ್ತಲೆಯಲ್ಲೇ ಏಳುತ್ತಾರೆ. ನೀವು ಊಟ ಮಾಡಿ ಹೋದಿರಿ. ನಿಜ ಹೇಳಿ, ಬಿಳಿ ಮೋಡ ಬಿಟ್ಟು ಬೇರೇನಾದರೂ ಕಂಡಿತಾ? ಹನ್ನೊಂದು ಪುಟದ ನಡುವೆ ಮೈದೋದ ಫೋಟೋ ಮಾತ್ರ ಇಲ್ಲ. ಅದನ್ನೂ ಗಮನಿಸಿದ್ದೇನೆ.

ಸುಳ್ಳು ಬರೆದಿರಿ ಅಂತ ಬೈಯುತ್ತಿಲ್ಲ. ನಾನೂ ಬರೆದವನೇ.

1988ರ ಮಾತು. ಆಗ ಇದು ಗುಲ್ಬರ್ಗ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಒಂದು ಸಣ್ಣ ಪತ್ರಿಕೆಯಲ್ಲಿ ನಾನು ಕಲಿಯುವ ಹುಡುಗ. ಬೀದರ್ ಬಗ್ಗೆ ಬರೆದುಕೊಂಡು ಬಾ ಎಂದು ಬಸ್ ಚಾರ್ಜ್ ಕೊಟ್ಟು ಕಳಿಸಿದರು. ಹೋಗಿ ಬಂದೆ. ‘ಗುಲ್ಬರ್ಗದಿಂದ ಹೊರಟು ಬಹಮನಿ ಸುಲ್ತಾನರ ವೈಭವದ ನಗರಿ ಬೀದರ್ ತಲುಪಿದಾಗ ಮನ ಪುಳಕಗೊಂಡಿತು’ ಎಂದು ಶುರು ಮಾಡಿದ್ದೆ. ಹಿರಿಯ ಉಪಸಂಪಾದಕರು ಕನ್ನಡಕ ಹಣೆಗೇರಿಸಿ ಕೇಳಿದರು: “ನೀ ಬೀದರಕ್ಕ ಹೋಗಿಯೋ, ಯಾರರ ಎತ್ತಿ ಒಗದಾರೋ?”

ನನಗೆ ಅರ್ಥವಾಗಲಿಲ್ಲ. ಬಸ್ಸು ಎಲ್ಲಿ ನಿಂತಿತ್ತು ಎಂದರು. ಹುಮನಾಬಾದ್ ಎಂದೆ. ಚಹಾ ಕುಡಿದೆಯಾ ಎಂದರು. ಹೂಂ ಎಂದೆ. ಹೊಲದ ಮಣ್ಣು ಕರಿ ಇದ್ದದ್ದು ಎಲ್ಲಿ ಕೆಂಪಾಯಿತು ಎಂದರು. ನಾನು ಸುಮ್ನೆ ನಿಂತೆ. ದಾರಿಯುದ್ದಕ್ಕೂ ನಿದ್ದೆ ಮಾಡಿದ್ದೆ, ಮಣ್ಣು ಯಾರು ನೋಡಿದ್ದರು? ಬಾಯಿಗೆ ಬಂದ ಊರಿನ ಹೆಸರು ಹೇಳಿದೆ. ಅವರಿಗೆ ನಗು ಬಂತು. ಕೈಯಲ್ಲಿದ್ದ ಹಾಳೆ ಮಡಚಿ ನನ್ನ ಜೇಬಿಗೇ ಹಾಕಿದರು.

ಮರುದಿನ ಸ್ವಂತ ದುಡ್ಡಿನಲ್ಲಿ ಮತ್ತೆ ಬಸ್ಸು ಹತ್ತಿದೆ. ಕಿಟಕಿ ಸೀಟಿಗೆ ಒಬ್ಬ ಮುದುಕನ ಹತ್ತಿರ ಜಗಳವನ್ನೂ ಆಡಿದೆ. ಕಮಲಾಪುರ ದಾಟುವವರೆಗೂ ಎರಿ ಹೊಲ, ಅಂದರೆ ಕರಿ ಮಣ್ಣು. ಆಮೇಲೆ ಒಂದು ಕಡೆ ಕೆಂಪು ಕಂಡಿತು, ಬರೆದುಕೊಂಡೆ. ಸ್ವಲ್ಪ ಮುಂದೆ ಮತ್ತೆ ಕರಿ. ಹೊಡೆದುಹಾಕಿದೆ. ಮತ್ತೆ ಕೆಂಪು. ಬೀದರ್ ಹತ್ತಿರ ಬಂದಂತೆ ಕೆಂಪೇ ಗೆದ್ದಿತು. ವಾಪಸ್ ಬಂದು, ಒಂದೇ ಜಾಗ ಅಂತ ಇಲ್ಲ ಸರ, ಕಲಸಿಕೊಂಡಿದೆ ಎಂದೆ. “ಹಾಂ, ಅದನ್ನ ಬರಿ” ಎಂದರು. ಬರೆದೆ. ಟೆಂಡರ್ ಪ್ರಕಟಣೆಯ ಕೆಳಗೆ ನಾಲ್ಕು ಇಂಚು ಜಾಗದಲ್ಲಿ ಬಂತು. ಬೀದರಿನ ಕೆಂಪು ಕಲ್ಲು ನೀರನ್ನು ಇಂಗಿಸಿಕೊಳ್ಳುತ್ತದೆ, ಅದರ ಕೆಳಗಿನ ಕರಿ ಕಲ್ಲು ಆ ನೀರನ್ನು ತಡೆಯುತ್ತದೆ, ಬಹಮನಿ ಕಾಲದವರು ಈ ಗುಟ್ಟು ತಿಳಿದೇ ಕರೇಜ್ ಸುರಂಗ ಕೊರೆದು ಊರಿಗೆ ನೀರು ತಂದರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮಣ್ಣಿನ ಬಣ್ಣ ನೋಡದೆ ಇದ್ದಿದ್ದರೆ ಅದು ತಲೆಗೆ ಹೋಗುತ್ತಲೂ ಇರಲಿಲ್ಲ.

ಈ ಕಥೆ ಯಾಕೆ ಎಳೆದೆ ಅಂದರೆ, ನಿಮ್ಮ ಒಂಬತ್ತನೇ ಪುಟಕ್ಕಾಗಿ.

ಆಗ್ನೇಯ ಮೂಲೆಯ ಗ್ರಾಂ ಬ್ರೂಲೆಯಲ್ಲಿ ನೀವು ಕಾರು ನಿಲ್ಲಿಸಿದ್ದೀರಿ. ಜ್ವಾಲಾಮುಖಿಯಿಂದ ಇಳಿದ ಲಾವಾ ಮತ್ತೆ ಮತ್ತೆ ರಸ್ತೆ ದಾಟಿ ಸಮುದ್ರ ಸೇರುವ ಜಾಗ ಅದು. ಹರಿದ ವರ್ಷವನ್ನು ರಸ್ತೆ ಬದಿಯ ಫಲಕಗಳಲ್ಲಿ ಬರೆದಿದ್ದಾರೆ. 2007ರ ಏಪ್ರಿಲ್‌ನಲ್ಲಿ ಲಾವಾ ರಸ್ತೆಯನ್ನೇ ನುಂಗಿತು. ಆರಿದ ಮೇಲೆ ಅದರ ಮೇಲೇ ಹೊಸ ರಸ್ತೆ ಹಾಕಿದರು. ವರ್ಷಗಟ್ಟಲೆ ಮಳೆ ಬಿದ್ದಾಗ ಹಬೆ ಏಳುತ್ತಿತ್ತಂತೆ. ನಿಮಗೆ ಬೇಕಾದ ಹಸಿರು ಇಲ್ಲಿದೆ, ತಮ್ಮಾ! ಹೊಸ ಹರಿವಿನ ಮೇಲೆ ಬೂದು ಬಣ್ಣದ ಕಲ್ಲುಹೂವು. ಅದಕ್ಕಿಂತ ಹಳೆಯದರ ಮೇಲೆ ಜರೀಗಿಡ. ಇನ್ನೂ ಹಳೆಯದರ ಮೇಲೆ ಪೊದೆ, ಮರ. ಫಲಕದ ವರ್ಷ ಓದಿ ಗಿಡದ ಎತ್ತರ ನೋಡಿದ್ದರೆ ಸೀರೆಯನ್ನು ಹೇಗೆ ನೇಯುತ್ತಾರೆ ಎಂದೇ ಬರೆಯಬಹುದಿತ್ತು. ಯೋಜನೆಯ ದೃಷ್ಟಿಯಿಂದಲೂ ಅಷ್ಟೇ. ಇಲ್ಲಿ ಸುತ್ತು ರಸ್ತೆ ಕಡಿದರೆ ಈ ಜ್ವಾಲಾಮುಖಿ ಮತ್ತು ಪಿಟೋನ್ ದೆ ನೇಜ್ ನಡುವಿನ ಬಯಲು ಹತ್ತಿ ಸಾಂ ಪಿಯೆರ್‌ನಿಂದ ಸಾಂ ಬೆನುವಾಗೆ ಇಳಿಯುವ ದಾರಿ ಹಿಡಿಯಬೇಕು. ಅದನ್ನೂ ಬಿಟ್ಟಿದ್ದೀರಿ.

ಆದರೆ ಅಲ್ಲಿ ಈ ಸಾಲು ಬರೆದಿದ್ದೀರಿ: ‘ಹಳೆ ಲಾವಾ ಕಲ್ಲಿನ ಸಂದಿಯಲ್ಲಿ ಬೆರಳು ಹಾಕಿ ನನ್ನ ಹೆಂಡತಿ ಚೂರು ಮಣ್ಣು ತೆಗೆದಳು. ಇದು ನಮ್ಮ ಹೊಲದ ಎರಿ ಇದ್ದಂಗ ಅದ ನೋಡ್ರಿ ಎಂದಳು.’ ಮುಂದಿನ ವಾಕ್ಯ? ‘ಅಲ್ಲಿಂದ ಹೊರಟು.’

ಆಕೆ ಹೇಳಿದ್ದು ಎಷ್ಟು ದೊಡ್ಡ ಮಾತು ಗೊತ್ತಾ? ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಮ್ಮ ನೆಲ ಇಲ್ಲಿರಲಿಲ್ಲ. ದಕ್ಷಿಣಕ್ಕೆ, ಈಗ ರಿಯೂನಿಯನ್ ಇರುವ ಕಡೆ ಇತ್ತು. ಭೂಮಿಯ ಒಳಗಿನ ಅದೇ ಕುಲುಮೆ ಆಗ ಉಕ್ಕಿ ದಖ್ಖನ್ನಿನ ಕರಿ ಕಲ್ಲಿನ ಪದರಗಳನ್ನು ಹಾಸಿತು ಎಂದು ಬಹಳಷ್ಟು ಭೂವಿಜ್ಞಾನಿಗಳು ಹೇಳುತ್ತಾರೆ. ನೆಲ ಉತ್ತರಕ್ಕೆ ಜಾರಿತು. ಕುಲುಮೆ ಹಿಂದೆ ಉಳಿಯಿತು. ನಡುವೆ ಲಕ್ಷದ್ವೀಪ, ಮಾಲ್ಡೀವ್ಸ್, ನೀವು ಕೆಲಸ ಮಾಡುವ ಮಾರಿಷಸ್, ಎಲ್ಲವೂ ಅದು ಇಟ್ಟ ಹೆಜ್ಜೆಗಳು. ಈಗ ಅದು ರಿಯೂನಿಯನ್ ಕೆಳಗೆ ಉರಿಯುತ್ತಿದೆ. ಕಲಬುರಗಿ ಜಿಲ್ಲೆಯ ದಕ್ಷಿಣಕ್ಕೆ ಶಹಾಬಾದಿನ ಫರಸಿ ಕಲ್ಲು, ಯಾದಗಿರಿಗೆ ಹೋದರೆ ಗ್ರಾನೈಟ್ ಬೆಟ್ಟ. ಆದರೆ ಆಳಂದ ಕೂತಿರುವುದು ಆ ಹಳೆ ಲಾವಾದ ಮೇಲೇ. ಬೇಸಿಗೆಯಲ್ಲಿ ಬಿರುಕು ಬಿಡುವ ನಿಮ್ಮ ಅಪ್ಪನ ಹೊಲ ಆ ಕಲ್ಲು ಸವೆದು ಆದ ಮಣ್ಣು. ನಿಮ್ಮ ಹೆಂಡತಿ ಪುಸ್ತಕ ನೋಡಿ ಹೇಳಲಿಲ್ಲ. ಬೆರಳು ಹಾಕಿ ಹೇಳಿದರು.

ವೆನಿಲಾ ತೋಟ, ತಮಿಳರ ಗುಡಿ, ಸಮುದ್ರ ಸ್ನಾನದ ಭಾಗಗಳ ಬಗ್ಗೆ ಹೇಳಲು ಬೇಕಾದಷ್ಟಿದೆ. ಈಗ ಬೇಡ.

ಹಸ್ತಪ್ರತಿ ವಾಪಸ್ ಕಳಿಸುತ್ತಿದ್ದೇನೆ. ಎಳ್ಳಮಾಸಿಯ ಒಳಗೆ ಮತ್ತೆ ಬರೆದು ಕಳಿಸಿ. ಬಲಗಡೆ ಓಡಿಸಿದ ಮೊದಲ ಗಂಟೆ ಬರಲಿ, ಸಿಲಾವೋಸ್ ಸುರಂಗ ಬರಲಿ, ಮೈದೋದಲ್ಲಿ ಮೋಡ ಇದ್ದರೆ ಮೋಡವೇ ಬರಲಿ. ಐದು ಪುಟ ಸಾಕು.

ಇನ್ನೊಂದು. ಆ ಮಣ್ಣನ್ನು ಆಕೆ ಅಲ್ಲೇ ಚೆಲ್ಲಿದರೋ, ಸೆರಗಿನ ತುದಿಗೆ ಕಟ್ಟಿಕೊಂಡರೋ? ನೀವು ಬರೆದಿಲ್ಲ. ಲೇಖನ ತಡವಾದರೂ ಪರವಾಗಿಲ್ಲ, ಇದೊಂದನ್ನು ಮಾತ್ರ ಕೇಳಿ ಮೊದಲೇ ತಿಳಿಸಿ.

ಇಂತಿ,
ಸಂಪಾದಕ
ಕಲಬುರಗಿ