ಎಸಿ ಹಾಕಿದರೆ ಸುಟ್ಟ ರಬ್ಬರ್ ವಾಸನೆ: ಕ್ಲಚ್ ಬಿಚ್ಚಿಸುವ ಮೊದಲು ಬೆಲ್ಟ್ ನೋಡಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ರಬ್ಬರ್ ಸುಟ್ಟ ವಾಸನೆ ಬರುತ್ತದೆ, ಗ್ಯಾರೇಜಿನವರು ಕ್ಲಚ್ ಪ್ಲೇಟ್ ಬದಲಿಸಬೇಕು ಅಂತಿದ್ದಾರೆ, ಒಪ್ಪಿಕೊಳ್ಳಲಾ ಅಂತ ಕೇಳಿದ್ದೀರಿ. ಈಗಲೇ ಒಪ್ಪಬೇಡಿ. ಕ್ಲಚ್ ಪ್ಲೇಟ್ ಹಾಕಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಖರ್ಚು ಜಾಸ್ತಿ, ಅಂದಾಜಿನ ಮೇಲೆ ಮಾಡಿಸುವ ಕೆಲಸ ಅದಲ್ಲ. ನೀವು ಹೇಳಿದ್ದನ್ನು ಓದಿದರೆ ನನಗೆ ಅನುಮಾನ ಬರುವುದು ಎಂಜಿನ್ನಿನಿಂದ ಎಸಿ ಕಂಪ್ರೆಸರನ್ನು (ಎಸಿಯ ಗ್ಯಾಸ್ ಒತ್ತುವ ಪಂಪ್) ತಿರುಗಿಸುವ ರಬ್ಬರ್ ಬೆಲ್ಟಿನ ಮೇಲೆ.

ಕ್ಲಚ್ ಸುಡುವುದು ಸಾಮಾನ್ಯವಾಗಿ ಅರ್ಧ ಒತ್ತಿ ಹಿಡಿದಾಗ. ಜೋಗಿಮಟ್ಟಿ ಏರು ಹತ್ತುವಾಗ, ಪಿ.ಬಿ. ರಸ್ತೆಯ ಟ್ರಾಫಿಕ್‌ನಲ್ಲಿ ಇಂಚಿಂಚೇ ಮುಂದೆ ಹೋಗುವಾಗ ವಾಸನೆ ಬಂದರೆ ಕ್ಲಚ್ ಅನ್ನಬಹುದು. ತೀರಾ ಸವೆದ ಕ್ಲಚ್ ಹೈವೇಯಲ್ಲೂ ಜಾರುತ್ತದೆ ನಿಜ. ಆದರೆ ಎಸಿ ಬಟನ್ನಿಗೂ ಕ್ಲಚ್ ಪ್ಲೇಟಿಗೂ ಏನು ಸಂಬಂಧ? ಖಚಿತವಾಗಬೇಕು ಅಂದರೆ ಖಾಲಿ ರಸ್ತೆಯಲ್ಲಿ 4ನೇ ಗೇರ್ ಹಾಕಿ, ಸಾಧಾರಣ ವೇಗದಲ್ಲಿದ್ದಾಗ ಆಕ್ಸಿಲರೇಟರ್ ಜೋರಾಗಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರಿ, ಗಾಡಿ ಮಾತ್ರ ಎಳೆಯದಿದ್ದರೆ ಕ್ಲಚ್ ಹೋಗಿದೆ. ಮುಳ್ಳು ಮತ್ತು ವೇಗ ಜೊತೆಜೊತೆಗೇ ಏರಿದರೆ ಅದನ್ನು ಬಿಟ್ಟುಬಿಡಿ.

ಇನ್ನೊಂದು ಸಾಧ್ಯತೆಯನ್ನೂ ಮೊದಲೇ ತಳ್ಳಿಹಾಕಬೇಕು. ನಮ್ಮ ಹೈವೇಯಲ್ಲಿ ಲಾರಿಗಳು ಸಾಲುಗಟ್ಟಿ ಹೋಗುತ್ತವೆ, ಅವುಗಳ ಬ್ರೇಕ್ ಕಾದ ವಾಸನೆಯೂ ಹೀಗೇ ಇರುತ್ತದೆ. ಹೊರಗಿನ ಗಾಳಿ ಎಳೆಯುವ ಕಡೆ ಲಿವರ್ ಇದ್ದರೆ ಆ ವಾಸನೆ ನೇರ ಒಳಗೆ ಬರುತ್ತದೆ. ಲಾರಿ ಇಲ್ಲದ ಕಡೆ, ಭರಮಸಾಗರದ ಆಸುಪಾಸಿನಲ್ಲಿ ಸರ್ವಿಸ್ ರಸ್ತೆಗೆ ಇಳಿದು ನಿಲ್ಲಿಸಿ, ಎಸಿ ಹಾಕಿಕೊಂಡೇ ಬಾನೆಟ್ ಹತ್ತಿರ ಮೂಸಿ ನೋಡಿ. ಅಲ್ಲೂ ಅದೇ ಘಾಟು ಇದ್ದರೆ ನಿಮ್ಮ ಗಾಡಿಯದ್ದೇ.

ಈಗ ಬೆಲ್ಟಿಗೆ ಬರೋಣ. ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಎಲ್ಲ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ನೋಡಿ. ಒಳ್ಳೆಯ ಬೆಲ್ಟಿನ ಒಳಮೈ ಮಂಕಾಗಿರುತ್ತದೆ. ಜಾರಿ ಜಾರಿ ಕಾದ ಬೆಲ್ಟು ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತದೆ, ಅಂಚಿನಲ್ಲಿ ನೂಲು ಎದ್ದಿರುತ್ತದೆ. ಪುಲ್ಲಿಗಳ, ಅಂದರೆ ಬೆಲ್ಟ್ ಸುತ್ತುವ ಗಾಲಿಗಳ, ಸುತ್ತ ಕರಿ ಪುಡಿ ಹಾರಿರುತ್ತದೆ. ಬೆಲ್ಟ್ ಮೇಲೆ ಆಯಿಲ್ ಅಥವಾ ಕೂಲೆಂಟ್ ಬಿದ್ದಿದ್ದರೂ ಜಾರುತ್ತದೆ.

ಹೊಸ ಬೆಲ್ಟ್ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ, ಅಸಲಿ ವಿಷಯ ಇರುವುದೇ ಇಲ್ಲಿ. ನನ್ನ ಗಾಡಿಯಲ್ಲೂ ಇದೇ ವಾಸನೆ ಬಂದಿತ್ತು, ಅದೂ ಹೊಸ ಬೆಲ್ಟಿನಲ್ಲಿ. ಎಸಿ ಕಂಪ್ರೆಸರ್ ಮುಂದೆ ಒಂದು ಪುಲ್ಲಿ, ಅದರ ಮೇಲೆ ಒಂದು ದುಂಡನೆಯ ತಟ್ಟೆ ಇರುತ್ತದೆ. ಎಂಜಿನ್ ಓಡುವಷ್ಟು ಹೊತ್ತೂ ಪುಲ್ಲಿ ತಿರುಗುತ್ತದೆ, ತಟ್ಟೆ ತಿರುಗುವುದು ಎಸಿ ಹಾಕಿದಾಗ ಮಾತ್ರ. ಎಂಜಿನ್ ಆಫ್ ಇರುವಾಗ ಆ ತಟ್ಟೆಯನ್ನು ಕೈಯಿಂದ ತಿರುಗಿಸಿದರೆ ಸ್ವಲ್ಪ ಬಿಗಿಯಾಗಿ, ಆದರೆ ನುಣ್ಣಗೆ ತಿರುಗಬೇಕು. ನನ್ನದು ಅಲುಗಲೇ ಇಲ್ಲ. ಕಂಪ್ರೆಸರ್ ಒಳಗೆ ಜಾಮ್ ಆಗಿತ್ತು. ಎಸಿ ಹಾಕಿದ ಕೂಡಲೇ ತಟ್ಟೆ ಪುಲ್ಲಿಯನ್ನು ಹಿಡಿದುಕೊಳ್ಳುತ್ತಿತ್ತು, ಬೆಲ್ಟು ನಿಂತ ಪುಲ್ಲಿಯ ಮೇಲೆ ಉಜ್ಜಿಕೊಂಡು ಸುಡುತ್ತಿತ್ತು. ಕಂಪ್ರೆಸರ್ ಬದಲಿಸಿದ ಮೇಲೆ ಸರಿಹೋಯಿತು. (ಕೆಲವು ಹೊಸ ಮಾಡೆಲ್‌ಗಳಲ್ಲಿ ಈ ತಟ್ಟೆಯ ವ್ಯವಸ್ಥೆ ಇರುವುದಿಲ್ಲ, ಅವನ್ನು ಮೆಕ್ಯಾನಿಕ್ ಬೇರೆ ರೀತಿ ನೋಡಬೇಕು.)

ತಟ್ಟೆ ಸರಿಯಾಗಿ ತಿರುಗಿದರೆ ಬೆಲ್ಟ್ ತೆಗೆಸಿ ಉಳಿದ ಪುಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಲು ಹೇಳಿ. ಗರಗರ ಅಂದರೆ, ಅಲ್ಲಾಡಿದರೆ ಆ ಬೇರಿಂಗ್ ಹೋಗಿದೆ. ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಸಡಿಲ ಇದ್ದರೂ ಇದೇ ಕಥೆ. ಬೆಲ್ಟ್ ಮೇಲೆ ಸ್ಪ್ರೇ ಹೊಡೆದು ಕಳಿಸುತ್ತೇನೆ ಅಂದರೆ ದಯವಿಟ್ಟು ಬೇಡ ಅನ್ನಿ. ಸದ್ದು ನಾಲ್ಕು ದಿನ ನಿಲ್ಲುತ್ತದೆ, ರೋಗ ಹಾಗೇ ಉಳಿಯುತ್ತದೆ.

ಅಲ್ಲಿವರೆಗೆ ಎಸಿ ಹಾಕಬೇಡಿ. ಏಪ್ರಿಲ್ ಬಿಸಿಲಲ್ಲಿ ಕಷ್ಟ ಅಂತ ಗೊತ್ತು, ಆದರೂ ಬೇಡ. ಎಸಿ ಆಫ್ ಇದ್ದರೂ ವಾಸನೆ ಅಥವಾ ಕಿರ್ರೆನ್ನುವ ಸದ್ದು ಇದ್ದರೆ ಗಾಡಿಯನ್ನೇ ಓಡಿಸಬೇಡಿ. ಬೆಲ್ಟ್ ಕಡಿದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಎಷ್ಟೋ ಕಾರುಗಳಲ್ಲಿ ವಾಟರ್ ಪಂಪ್ ತಿರುಗಿಸುವುದೂ ಅದೇ ಬೆಲ್ಟ್, ಎಂಜಿನ್ ಕಾದು ಕೂರುತ್ತದೆ.

ಬೆಲ್ಟ್ ಅಲ್ಲದಿದ್ದರೆ ನಾಲ್ಕೂ ಚಕ್ರದ ಹತ್ತಿರ ಕೈ ಒಯ್ದು ನೋಡಿ, ಮುಟ್ಟಬೇಡಿ. ಒಂದೇ ಚಕ್ರ ಜಾಸ್ತಿ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಸೈಲೆನ್ಸರಿಗೆ ಪ್ಲಾಸ್ಟಿಕ್ ಕವರ್ ಅಂಟಿದ್ದರೂ ಹೀಗೇ ನಾರುತ್ತದೆ.

ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆ ಹಿಡಿದು ಬಂದಿದ್ದರೆ ಗಾಡಿಯ ಅಡಿ ತಪ್ಪದೆ ನೋಡಿ. ನಮ್ಮ ಕಡೆ ರಾಗಿ, ಹುರುಳಿಯನ್ನು ಒಕ್ಕಣೆಗೆ ರಸ್ತೆ ಮೇಲೆ ಹರಡುತ್ತಾರಲ್ವಾ, ಆ ಹುಲ್ಲು, ಹೊಟ್ಟು ಚಕ್ರದ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಬಿಸಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಕಾರು ಪೂರ್ತಿ ಸುಟ್ಟುಹೋಗಬಹುದು. ಹೊಗೆ ಕಂಡರೆ ಬಾನೆಟ್ ತೆರೆಯಲು ಹೋಗಬೇಡಿ, ಎಂಜಿನ್ ಆಫ್ ಮಾಡಿ ಎಲ್ಲರನ್ನೂ ಇಳಿಸಿ ದೂರ ನಿಲ್ಲಿ. ಡ್ಯಾಶ್‌ಬೋರ್ಡ್ ಒಳಗಿಂದ ವೈರ್ ಸುಟ್ಟ ಕಮಟು ಬಂದರೂ ಅಷ್ಟೇ.

ಗಾಡಿ ಯಾವ ಮಾಡೆಲ್, ಪೆಟ್ರೋಲಾ ಡೀಸೆಲ್ಲಾ, ಆ ತಟ್ಟೆ ತಿರುಗುತ್ತಾ ಇಲ್ವಾ, ಇಷ್ಟು ತಿಳಿಸಿ. ಬೆಲ್ಟಿನ ಒಳಮೈ ಕಾಣುವ ಹಾಗೆ ಒಂದು ಫೋಟೋ ಹಾಕಿದರೆ ನೋಡಿ ಹೇಳುತ್ತೇನೆ.