ಕೊಲಂಬೊ ಗೆಳೆಯರಿಗೆ ಪೇಟ ಬೇಡ, ಕೆಲಸ ಕೊಡಿ

ಪ್ರಶ್ನೆ: ನಾನು ಇಲ್ಲಿನ ಒಂದು ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನ (ಭಾಷಣ ಮಾಡೋದನ್ನು ಅಭ್ಯಾಸ ಮಾಡುವ ಕ್ಲಬ್ಬು) ಸದಸ್ಯೆ. ಕೋವಿಡ್ ಕಾಲದ ಆನ್‌ಲೈನ್ ಮೀಟಿಂಗುಗಳಲ್ಲಿ ಕೊಲಂಬೊದ ಗಂಡ ಹೆಂಡತಿ ಪರಿಚಯವಾದರು. ಈಗ ಮೂರು ದಿನ ನಮ್ಮ ಮನೆಗೆ ಬರುತ್ತಿದ್ದಾರೆ. ಕ್ಲಬ್ಬಿನವರು ಶಾಲು, ಮೈಸೂರು ಪೇಟ ತರಿಸೋಣ ಅನ್ನುತ್ತಾರೆ. ಆ ವಾರದ ಮೀಟಿಂಗು ಕನ್ನಡದಲ್ಲಿದೆ. ಮನೆಯಲ್ಲಿ ಅತ್ತೆ ಮೊಟ್ಟೆಯನ್ನೂ ಒಳಗೆ ಬಿಡುವುದಿಲ್ಲ. ಹೇಗೆ ನಿಭಾಯಿಸಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಆ ಪೇಟ ಕೈಬಿಡಿ. ಪೇಟ ಸುತ್ತಿ ಮುಂದಿನ ಸಾಲಿನಲ್ಲಿ ಕೂರಿಸಿದರೆ, ಅರ್ಥವಾಗದ ಭಾಷೆ ಕೇಳುತ್ತಾ ಮೀಟಿಂಗು ಮುಗಿಯುವವರೆಗೂ ನಗುಮುಖ ಇಟ್ಟುಕೊಂಡು ಕೂರಬೇಕು. ಪಾಪ, ಯಾವ ತಪ್ಪಿಗೆ ಆ ಶಿಕ್ಷೆ?

ಒಬ್ಬರನ್ನು ಟೈಮರ್ ಮಾಡಿ, ಅಂದರೆ ಮಾತಾಡುವವರ ಸಮಯ ನೋಡಿ ಬಣ್ಣದ ಸೂಚನೆ ತೋರಿಸುವ ಕೆಲಸ. ಅದಕ್ಕೆ ಕನ್ನಡವೇ ಬೇಕಿಲ್ಲ. ಟೇಬಲ್ ಟಾಪಿಕ್ಸ್‌ನಲ್ಲಿ (ಕೇಳಿದ ಪ್ರಶ್ನೆಗೆ ತಯಾರಿಯಿಲ್ಲದೆ ಮಾತಾಡುವ ಸುತ್ತು) ಒಂದು ನಿಮಿಷಕ್ಕೆ ಹಸಿರು, ಒಂದೂವರೆಗೆ ಹಳದಿ, ಎರಡಕ್ಕೆ ಕೆಂಪು. ಕೊಲಂಬೊದಲ್ಲೂ ಇದೇ ಲೆಕ್ಕ. ಇನ್ನೊಬ್ಬರನ್ನು ಆ-ಕೌಂಟರ್ ಮಾಡಿ, ಮಾತಿನ ನಡುವೆ ಸುಮ್ಮನೆ ನುಸುಳುವ ಆ, ಊಂ ಥರದ ಶಬ್ದಗಳನ್ನು ಎಣಿಸುವ ಕೆಲಸ. ಭಾಷೆ ಬಾರದವರು ಅದನ್ನು ಮಾಡೋದು ಹೇಗೆ ಅಂತೀರಾ? ನಮ್ಮ ಕ್ಲಬ್ಬಿಗೆ ಮಲೇಷ್ಯಾದಿಂದ ಬಂದಿದ್ದ ಒಬ್ಬಾಕೆಗೆ ಈ ಕೆಲಸ ಕೊಟ್ಟಿದ್ದೆವು. ಕನ್ನಡದ ಗಂಧವೇ ಇರಲಿಲ್ಲ. ಕೊನೆಗೆ ಎದ್ದು ನಿಂತು, ನಮ್ಮ ಹಿರಿಯ ಸದಸ್ಯರೊಬ್ಬರ ಕಡೆ ತಿರುಗಿ, ‘ನೀವು “ಅಂದ್ರೆ” ಅನ್ನೋ ಶಬ್ದವನ್ನು ಹದಿನಾಲ್ಕು ಸಲ ಹೇಳಿದಿರಿ, ಅದು ನಿಮ್ಮ ಭಾಷಣದ ವಿಷಯವಾ?’ ಎಂದು ಕೇಳಿದರು. ಆ ಹಿರಿಯರಿಗೆ ಅದನ್ನು ನಾವು ಎಷ್ಟು ವರ್ಷದಿಂದ ಹೇಳಬೇಕು ಅಂದುಕೊಂಡಿದ್ದೆವೋ! ಮಾತಾಡುವ ಆಸೆ ಇದ್ದರೆ ಟೇಬಲ್ ಟಾಪಿಕ್ಸ್‌ನಲ್ಲಿ ಅವರಿಗೊಂದು ಪ್ರಶ್ನೆ ಇಂಗ್ಲಿಷಿನಲ್ಲಿ ಕೇಳಿಸಿ. ಹಿಂದಿನ ರಾತ್ರಿಯೇ ಒಪ್ಪಿಗೆ ಕೇಳಿಡಿ.

ಊಟದ ವಿಷಯ ಅವರು ಹೊರಡುವ ಮೊದಲೇ ಹೇಳಿಬಿಡಿ, ಸಂಕೋಚ ಬೇಡ. ಒಂದು ಬೆಳಗ್ಗೆ ಒತ್ತು ಶ್ಯಾವಿಗೆ ಮಾಡಿಸಿ. ಅವರ ಕಡೆ ಅದೇ ಇಡಿಯಪ್ಪ, ತೆಂಗಿನ ಹಾಲಿನ ಸಾರು, ಕಾಯಿ ಸಂಬಲ್ ಜೊತೆ. ನಮ್ಮದು ಬೆಲ್ಲ ಹಾಕಿದ ಕಾಯಿಹಾಲು. ಶ್ಯಾವಿಗೆ ಒರಳಿನ ಹಿಡಿ ತಿರುಗಿಸೋಕೆ ಆ ಗಂಡಸನ್ನೇ ಕರೆಯಿರಿ, ಬಿಸಿ ಹಿಟ್ಟು ಒತ್ತೋದು ಸುಲಭವಲ್ಲ. ನಿಮ್ಮ ಅತ್ತೆ ‘ಇನ್ನೂ ಬಿಗಿಯಾಗಿ, ಇನ್ನೂ’ ಅಂತ ಕೈಸನ್ನೆಯಲ್ಲೇ ಮೀಟಿಂಗು ನಡೆಸುತ್ತಾರೆ. ಮೀನು ತಿನ್ನುವ ಆಸೆಯಾದರೆ ಒಂದು ರಾತ್ರಿ ಹೊರಗೆ ಹೋಗಿ ಬರಲಿ. ನೀವು ಜೊತೆಗೆ ಹೋಗಿ ನೀರು ಕುಡಿಯುತ್ತಾ ಕೂರಬೇಡಿ.

ಸುಮಾರು ಜನ ಮರೆಯುವ ಒಂದು ಕೆಲಸವಿದೆ. ವಿದೇಶಿಯರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒಗೆ (ವಿದೇಶಿಯರ ನೋಂದಣಿ ಕಚೇರಿ) ಆನ್‌ಲೈನಿನಲ್ಲಿ ತಿಳಿಸಬೇಕು. ಜನ ಸಿ ಫಾರ್ಮ್ ಅಂತ ಕರೆಯೋದು ಅದನ್ನೇ. ಹೋಟೆಲಿನವರಿಗೆ ಮಾತ್ರ ಅಂದುಕೊಳ್ಳಬೇಡಿ. ಪಾಸ್‌ಪೋರ್ಟ್, ವೀಸಾ ಪ್ರತಿಗಳನ್ನು ಮೊದಲೇ ತರಿಸಿಕೊಳ್ಳಿ.

ಊರು ಸುತ್ತಿಸುವ ಉತ್ಸಾಹಕ್ಕೆ ಸ್ವಲ್ಪ ಲಗಾಮು ಹಾಕಿ. ಮಂಗಳವಾರ ಝೂ ರಜಾ. ಭಾನುವಾರ ಸಂಜೆ ಏಳಕ್ಕೆ ಅರಮನೆ ದೀಪ ಹತ್ತುತ್ತೆ, ಅದೊಂದನ್ನು ತಪ್ಪಿಸಬೇಡಿ. ಮಧ್ಯಾಹ್ನ ಸುಮ್ನೆ ಮಲಗಲು ಬಿಡಿ.

ಪ್ರಶ್ನೆ: ಮಗಳ ಮನೆಗೆ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಿದ್ದೇನೆ. ಅಲ್ಲಿನ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಹೋಗಬಹುದಾ?
— ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಖಂಡಿತ ಹೋಗಿ. ಇದು ಹುಟ್ಟಿದ್ದೇ ಆ ರಾಜ್ಯದ ಸಾಂಟಾ ಆನಾದಲ್ಲಿ, 1924ರಲ್ಲಿ. ರಾಲ್ಫ್ ಸ್ಮೆಡ್ಲಿ ವೈಎಂಸಿಎ ಕಟ್ಟಡದಲ್ಲಿ ಶುರು ಮಾಡಿದ್ದು. ಸಂಸ್ಥೆಯ ವೆಬ್‌ಸೈಟಿನಲ್ಲಿ ಹತ್ತಿರದ ಕ್ಲಬ್ ಹುಡುಕಿ, ಬರ್ತೀನಿ ಅಂತ ಒಂದು ಮೇಲ್ ಹಾಕಿ. ಕೆಲವು ಕ್ಲಬ್ಬುಗಳು ಕಂಪನಿಯ ನೌಕರರಿಗೆ ಮಾತ್ರ, ಅದನ್ನು ನೋಡಿಕೊಳ್ಳಿ. ಟೇಬಲ್ ಟಾಪಿಕ್ಸ್‌ಗೆ ಕರೆದರೆ ಅತಿಥಿಗಳು ಬೇಡ ಅನ್ನಬಹುದು. ಮೇಷ್ಟ್ರಾಗಿದ್ದವರು ನೀವು, ಅನ್ನಲ್ಲ ಬಿಡಿ. ಎರಡೇ ನಿಮಿಷಕ್ಕೆ ನಿಲ್ಲಿಸೋದನ್ನು ಮಾತ್ರ ಅಭ್ಯಾಸ ಮಾಡಿಕೊಂಡು ಹೋಗಿ.